ಒಂದು ವ್ಯೂಗೆ ಎಷ್ಟು ಹೇಳಲಿ?

ಮಗಳೇ, ಮೆಲ್ಬರ್ನಿನ ಆರ್ಕಿಟೆಕ್ಟ್ ಒಬ್ಬರು ಒಂದು ಮನೆಗೆ ಮೂರು ವ್ಯೂ ಬೇಕೆಂದಿದ್ದಾರೆ, ಕೊಟೇಶನ್ ಎಷ್ಟು ಕಳಿಸಲಿ ಮಾವ ಎಂದು ಕೇಳಿದ್ದೀಯ. ಯಾರೋ ಒಬ್ಬ ವ್ಯೂಗೆ 25 ಡಾಲರ್ ಎಂದು ಹಾಕಿಕೊಂಡಿದ್ದಾನೆ, ನಾನು 20 ಎಂದರೆ ಕೆಲಸ ನನಗೇ ಸಿಗಬಹುದಲ್ಲ ಎಂದೂ ಕೇಳಿದ್ದೀಯ. ಮೊದಲನೆಯದಕ್ಕೆ ಉತ್ತರ ಉದ್ದವಿದೆ, ಕೂತು ಓದು. ಎರಡನೆಯದಕ್ಕೆ ಈಗಲೇ ಹೇಳಿಬಿಡುತ್ತೇನೆ: ಸಿಗಬಹುದು, ಆದರೆ ಬೇಡ.

ಇದು ನಿನ್ನೊಬ್ಬಳ ಪ್ರಶ್ನೆಯಲ್ಲ. ಮಣಿಪಾಲದಲ್ಲಿ ಆರ್ಕಿಟೆಕ್ಚರ್ ಶಿಕ್ಷಣ ಶುರುವಾದದ್ದು 1978ರಲ್ಲಿ. ಅಲ್ಲಿ ಕಲಿತವರಲ್ಲಿ ಬಹಳ ಮಂದಿ ಬೆಂಗಳೂರು, ಮುಂಬೈ, ಕೊಲ್ಲಿ ದೇಶ ಎಂದು ಹೊರಟುಹೋದರು. ಈಗ ಹಾಗಿಲ್ಲ. ನಿನ್ನಂತೆ ಕಾಪುವಿನ ಮನೆಯ ಮಾಳಿಗೆ ಕೋಣೆಯಲ್ಲೋ, ಕಾರ್ಕಳ ಪೇಟೆಯ ಅಂಗಡಿ ಮೇಲಿನ ಬಾಡಿಗೆ ಕೋಣೆಯಲ್ಲೋ ಕುಳಿತು, ಎಲ್ಲೋ ಏಳಲಿರುವ ಕಟ್ಟಡಕ್ಕೆ ರೆಂಡರ್, ಅಂದರೆ ಕಂಪ್ಯೂಟರ್ ಚಿತ್ರ, ಮಾಡಿಕೊಡುವವರು ಇದ್ದಾರೆ. ನನಗಂತೂ ಇದು ದೊಡ್ಡ ಸಂತೋಷ. ಊರು ಬಿಡದೆ ಹೊರಗಿನ ಕೆಲಸ ಮಾಡುವುದು ಉಡುಪಿಗೆ ಹೊಸತೂ ಅಲ್ಲ. 1996ರಲ್ಲಿ ಇಲ್ಲಿ ಶುರುವಾದ ರೋಬೋಸಾಫ್ಟ್ ಮೊದಮೊದಲು ಮಾಡುತ್ತಿದ್ದದ್ದು ಹೊರದೇಶದ ಗಿರಾಕಿಗಳಿಗೆ ಮ್ಯಾಕ್ ಕಂಪ್ಯೂಟರಿನ ಸಾಫ್ಟ್‌ವೇರ್. 2021ರಲ್ಲಿ ಜಪಾನಿನ ಟೆಕ್ನೋಪ್ರೊ ಅದನ್ನು 805 ಕೋಟಿ ರೂಪಾಯಿಗೆ ಕೊಂಡಿತು. ವಿಳಾಸ ಉಡುಪಿಯದಾದರೆ ಬೆಲೆ ಕಡಿಮೆ ಇರಲೇಬೇಕು ಎಂದು ಎಲ್ಲೂ ಬರೆದಿಟ್ಟಿಲ್ಲ. ಹಾಗಿದ್ದೂ ನಮ್ಮ ಮಕ್ಕಳು ದರ ಹೇಳುವ ಮೊದಲು ಕಣ್ಣು ಹಾಯಿಸುವುದು ಇಂಟರ್ನೆಟ್ಟಿನ ದರಪಟ್ಟಿಯ ಅತಿ ಕೆಳಗಿನ ಹೆಸರಿನ ಮೇಲೆ. ನನಗೆ ಸಂಕಟವಾಗುವುದು ಅಲ್ಲೇ.

ಊರಲ್ಲಿ ಕುಳಿತದ್ದರಿಂದ ಉಳಿಯುವ ದುಡ್ಡು ನಿನ್ನದು, ಗಿರಾಕಿಯದಲ್ಲ. ಇದೊಂದನ್ನು ಗಟ್ಟಿಯಾಗಿ ಹಿಡಿದುಕೋ. ಬೆಂಗಳೂರಿನಲ್ಲಿದ್ದರೆ ಕೋಣೆಗೆ ಬಾಡಿಗೆ, ಊಟಕ್ಕೆ ಮೆಸ್ಸು, ಓಡಾಟಕ್ಕೆ ಇನ್ನೊಂದಿಷ್ಟು. ಇಲ್ಲಿ ನೀನು ಕೂತಿರುವುದು ಮುಂಬೈ ಹೋಟೆಲಿನಲ್ಲಿ ದುಡಿದು ಭಾವ ಕಟ್ಟಿಸಿದ ಮನೆಯಲ್ಲಿ, ಊಟ ಬಡಿಸುವುದು ಅಕ್ಕ. ‘ನನಗೆ ಖರ್ಚೇ ಇಲ್ಲ, 20 ಡಾಲರ್ ಸಾಕು’ ಎಂದು ನೀನು ಹೇಳಿದರೆ ಮೆಲ್ಬರ್ನಿನ ಆ ಮನೆಯವರಿಗೆ ರಿಯಾಯಿತಿ ಕೊಡುವುದು ನೀನಲ್ಲ, ನಿನ್ನ ಅಪ್ಪ ಅಮ್ಮ. ಅವರ ದುಡಿಮೆಯನ್ನು ಅವರನ್ನು ಕೇಳದೆ ದಾನ ಮಾಡುವ ಹಕ್ಕು ನಿನಗಿಲ್ಲ.

ಈಗ ಪೆನ್ನು ಕಾಗದ ತೆಗೆದುಕೋ. ನಾನು ಹಾಕುವ ಅಂಕಿಗಳು ಉದಾಹರಣೆಗೆ ಮಾತ್ರ, ನಿನ್ನವನ್ನು ನೀನೇ ಹಾಕಿಕೋ. ನಿನ್ನ ಸಂಬಳವೆಂದು ತಿಂಗಳಿಗೆ 40,000 ಹಿಡಿ, ವರ್ಷಕ್ಕೆ 4,80,000 ಆಯಿತು. ಮಾಳಿಗೆ ಕೋಣೆಗೆ ತಿಂಗಳಿಗೆ 6,000 ಬಾಡಿಗೆ ಹಿಡಿ, ಬರೀ ಕಾಗದದಲ್ಲಲ್ಲ, ನಿಜವಾಗಿ ಅಕ್ಕನ ಕೈಗೆ ಕೊಡು, ವರ್ಷಕ್ಕೆ 72,000. ಗ್ರಾಫಿಕ್ಸ್ ಕಾರ್ಡ್ ಸೇರಿ ಕಂಪ್ಯೂಟರಿಗೆ 2 ಲಕ್ಷ ಹಾಕಿದ್ದೀಯ. ಕಡಲ ಬದಿಯ ಉಪ್ಪು ಗಾಳಿ, ಆಟಿಯ ತೇವ, ಮೇ ತಿಂಗಳ ಸಿಡಿಲು ಎಲ್ಲ ತಡೆದುಕೊಂಡು ಅದು ನಾಲ್ಕು ವರ್ಷ ಬಾಳಿದರೆ ಹೆಚ್ಚು, ಆದ್ದರಿಂದ ವರ್ಷಕ್ಕೆ 50,000. ಸಾಫ್ಟ್‌ವೇರ್ ಚಂದಾ 60,000. ಮೆಸ್ಕಾಂ ಬಿಲ್ಲು, ಇಂಟರ್ನೆಟ್, ಯುಪಿಎಸ್ ಬ್ಯಾಟರಿ 48,000. ಆಡಿಟರ್ ಫೀಸು ಮತ್ತು ಆರೋಗ್ಯ ವಿಮೆ 40,000. ಮುಂದಿನ ದಿನಗಳಿಗೆಂದು ತೆಗೆದಿಡುವುದು ತಿಂಗಳಿಗೆ 10,000ದಂತೆ 1,20,000. ಕೂಡಿಸಿದರೆ 8,70,000. ತೆರಿಗೆ, ಚಿಲ್ಲರೆ ಖರ್ಚು ಸೇರಿಸಿ 9 ಲಕ್ಷ ಎಂದಿಟ್ಟುಕೋ.

ದುಡಿಯುವ ದಿನ ಎಷ್ಟು? 365ರಲ್ಲಿ ಭಾನುವಾರ 52 ಹೋಯಿತು. ಅಷ್ಟಮಿ, ದೀಪಾವಳಿ, ಊರಿನ ಕೋಲ, ಮದುವೆ, ಜ್ವರ ಎಂದು ಒಂದು ತಿಂಗಳು ಹೋಯಿತು. ಉಳಿದ 280ರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಹೊಸ ಗಿರಾಕಿ ಹುಡುಕುವುದಕ್ಕೆ, ಕೊಟೇಶನ್ನಿಗೆ, ಹೊಸತು ಕಲಿಯುವುದಕ್ಕೆ, ಬಾಕಿ ವಸೂಲಿಗೆ ಬೇಕು. ಬಿಲ್ಲು ಮಾಡಬಹುದಾದ ದಿನ 180 ಸಿಕ್ಕಿದರೆ ಪುಣ್ಯ. 9 ಲಕ್ಷವನ್ನು 180ರಿಂದ ಭಾಗಿಸು: ದಿನಕ್ಕೆ 5,000. ಇದಕ್ಕಿಂತ ಕೆಳಗೆ ಇಳಿದರೆ ಗಿಟ್ಟುವುದಿಲ್ಲ. ಇದರಲ್ಲಿ ಲಾಭವೂ ಇಲ್ಲ, ಕೈಕೊಡುವ ಗಿರಾಕಿಯ ನಷ್ಟವೂ ಇಲ್ಲ. ಅದಕ್ಕೆ ಮೇಲೆ ನೂರಕ್ಕೆ 20 ಸೇರಿಸಿಯೇ ದರ ಹೇಳಬೇಕು.

ಇನ್ನು ‘ಒಂದು ವ್ಯೂಗೆ ಇಷ್ಟು’ ಎಂಬ ಪದ್ಧತಿ. ಗಿರಾಕಿಗೆ ಹೇಳಲು ಅದು ಸುಲಭ, ಆದರೆ ನಿನ್ನ ಲೆಕ್ಕ ಅದರ ಮೇಲೆ ನಿಲ್ಲಬಾರದು. ಪರ್ಸ್ಪೆಕ್ಟಿವನ್ನು ಕೈಯಲ್ಲಿ ಹಾಕುವ ಕಾಲದವನು ನಾನು. ಆಗ ಮೂರು ವ್ಯೂ ಎಂದರೆ ಮೂರು ಸಲ ಹೊಸದಾಗಿ ಗೆರೆ ಎಳೆಯುವುದು, ಪೋಸ್ಟರ್ ಬಣ್ಣ ಮತ್ತೆ ಕಲಸುವುದು. ನಿನ್ನ ಕೆಲಸದಲ್ಲಿ ಭಾರವೆಲ್ಲ ಮೊದಲ ವ್ಯೂನಲ್ಲೇ ಇರುತ್ತದೆ. ಕ್ಯಾಡ್ ಫೈಲು ತೆರೆದು ನೋಡು: ಪ್ಲಾನಿನಲ್ಲಿ ಕಿಟಕಿ ಗೋಡೆಯ ನಡುವೆ ಇರುತ್ತದೆ, ಎಲಿವೇಶನ್ನಿನಲ್ಲಿ ಅದೇ ಕಿಟಕಿ ಒಂದಡಿ ಬಲಕ್ಕೆ ಸರಿದಿರುತ್ತದೆ, ಸೆಕ್ಷನ್ನಿನಲ್ಲಿ ಅದರ ಎತ್ತರವೇ ಬೇರೆ. ಯಾವುದು ಸರಿ ಎಂದು ಕೇಳಿ, ಉತ್ತರ ಬರುವ ತನಕ ಕಾದು, ಮಾಡೆಲ್ ಏಳಿಸುವುದೇ ನಿಜವಾದ ದುಡಿಮೆ. ಕ್ಯಾಮೆರಾ ತಿರುಗಿಸಿ ಎರಡನೆಯ ವ್ಯೂ ತೆಗೆಯುವುದು ಅದರ ಕಾಲು ಭಾಗವೂ ಆಗಲಿಕ್ಕಿಲ್ಲ. ಹಾಗಾಗಿ ಮಾಡೆಲಿಂಗ್ ಬೇರೆ, ವ್ಯೂ ಬೇರೆ ಎಂದು ಎರಡು ಸಾಲಾಗಿ ಬರೆ. ಹಾಗೆ ಬರೆಯದಿದ್ದರೆ ಗಿರಾಕಿ ಮೂರು ವ್ಯೂ ಎಂದು ದರ ಇಳಿಸಿಕೊಂಡು, ಮಾಡೆಲ್ ಮುಗಿದ ಮೇಲೆ ‘ಸದ್ಯಕ್ಕೆ ಒಂದೇ ಸಾಕು’ ಎನ್ನಬಹುದು.

ವಾಕ್‌ಥ್ರೂ ಕೇಳಿದರೆ ಇನ್ನೂ ಎಚ್ಚರ ಬೇಕು. ಒಂದು ನಿಮಿಷದ ವಿಡಿಯೊ ಎಂದರೆ ಸೆಕೆಂಡಿಗೆ 25ರಂತೆ 1,500 ಫ್ರೇಮು. ಫ್ರೇಮಿಗೆ ನಾಲ್ಕೇ ನಿಮಿಷ ಎಂದು ಹಿಡಿದರೂ 6,000 ನಿಮಿಷ, ಅಂದರೆ 100 ಗಂಟೆ. ನಾಲ್ಕು ಹಗಲು ನಾಲ್ಕು ರಾತ್ರಿ ಕಂಪ್ಯೂಟರ್ ಬೇರೆ ಯಾವ ಕೆಲಸಕ್ಕೂ ಸಿಗುವುದಿಲ್ಲ. ಮಳೆಗಾಲದಲ್ಲಿ ನಡುವೆ ಕರೆಂಟು ಹೋದರೆ ಆ ಮಾತು ಬೇರೆ. ಯಂತ್ರದ ದಿನಕ್ಕೂ ಬೆಲೆ ಹಾಕು, ಇಲ್ಲವೇ ರೆಂಡರ್ ಫಾರ್ಮಿಗೆ ಕೊಟ್ಟು ಅದರ ಬಿಲ್ಲನ್ನು ಗಿರಾಕಿಯ ಲೆಕ್ಕಕ್ಕೆ ಸೇರಿಸು.

ಹೊಸಬರ ದುಡ್ಡು ಹೆಚ್ಚಾಗಿ ಸೋರಿಹೋಗುವುದು ದರದಲ್ಲಲ್ಲ, ಕರೆಕ್ಷನ್ನಿನಲ್ಲಿ. ಮೊದಲು ಬಣ್ಣವಿಲ್ಲದ ಬೂದು ರೆಂಡರ್ ಕಳಿಸಿ ಕ್ಯಾಮೆರಾ ಮತ್ತು ಕಟ್ಟಡದ ಆಕಾರಕ್ಕೆ ಬರಹದಲ್ಲಿ ಒಪ್ಪಿಗೆ ತೆಗೆದುಕೋ. ಆಮೇಲೆ ಬಣ್ಣ, ಬೆಳಕು, ಗಿಡ, ಜನ. ಅದಾದ ಮೇಲೆ ಎರಡು ಸುತ್ತು ಕರೆಕ್ಷನ್ ನಿನ್ನ ದರದೊಳಗೆ. ಗೋಡೆಯ ಬಣ್ಣ ಸ್ವಲ್ಪ ತಿಳಿಯಾಗಲಿ, ಸಂಜೆಯ ಬೆಳಕು ಕಡಿಮೆಯಾಗಲಿ ಎಂದರೆ ಅದು ಆ ಎರಡು ಸುತ್ತಿಗೆ ಸೇರಿದ್ದು. ‘ಬಾಲ್ಕನಿ ತೆಗೆದುಬಿಟ್ಟಿದ್ದೇವೆ, ಹೊಸ ಡ್ರಾಯಿಂಗ್ ಇಲ್ಲಿದೆ’ ಎಂದರೆ ಅದಕ್ಕೆ ದಿನದ ಲೆಕ್ಕದಲ್ಲಿ ಬೇರೆ ಬಿಲ್ಲು. ಯಾವ ತಾರೀಖಿನ ಡ್ರಾಯಿಂಗಿಗೆ ಮಾಡುತ್ತಿದ್ದೇನೆ ಎಂದು ಶೀಟ್ ನಂಬರ್ ಸಮೇತ ಕೊಟೇಶನ್ನಿನಲ್ಲಿ ಬರೆದರೆ ಆಮೇಲೆ ಜಗಳಕ್ಕೆ ಜಾಗವೇ ಇರುವುದಿಲ್ಲ.

‘ಖಾಲಿ ಕೂತ ದಿನ ಹೋದರೆ ಹೋಯಿತಲ್ಲ ಮಾವ, ಕಡಿಮೆಗಾದರೂ ಮಾಡಿದರೆ ನಾಲ್ಕು ಕಾಸು ಬರುವುದಿಲ್ಲವೇ’ ಎಂದು ನೀನು ಕೇಳುತ್ತೀಯ. ನ್ಯಾಯವಾದ ಪ್ರಶ್ನೆ. ಮಲ್ಪೆಯಲ್ಲಿ ಬೆಳಿಗ್ಗೆ ಒಂದು ಬೆಲೆಗೆ ಹೋದ ಬಂಗುಡೆ ಉಳಿದುಬಿಟ್ಟರೆ ಹೊತ್ತೇರಿದ ಮೇಲೆ ಬೇರೆ ಬೆಲೆಗೆ ಹೋಗುತ್ತದೆ, ಮಾರುವವಳಿಗೆ ಅದರಿಂದ ನಷ್ಟವಿಲ್ಲ. ಆದರೆ ಅವಳ ಬೆಳಗಿನ ಗಿರಾಕಿ ಬೇರೆ, ಹೊತ್ತೇರಿದ ಮೇಲಿನ ಗಿರಾಕಿ ಬೇರೆ. ನಿನ್ನ ಗಿರಾಕಿ ಒಬ್ಬನೇ. ಇವತ್ತು 20 ಡಾಲರಿಗೆ ಮಾಡಿಸಿಕೊಂಡವನು ಮುಂದಿನ ತಿಂಗಳು ಮತ್ತೆ ಬರುತ್ತಾನೆ, ಬರುವಾಗ ಆ ದರವನ್ನೇ ಹಿಡಿದುಕೊಂಡು ಬರುತ್ತಾನೆ. ಜೊತೆಗೆ ತನ್ನ ಸ್ನೇಹಿತನಿಗೂ ಅದನ್ನೇ ಹೇಳಿರುತ್ತಾನೆ. ಖಾಲಿ ದಿನ ಬಂದರೆ ನಿನ್ನ ಸ್ವಂತ ಪೋರ್ಟ್‌ಫೋಲಿಯೊಗೆ ಒಂದು ಚಿತ್ರ ಮಾಡು. ಆ ದಿನ ದಂಡವಾಗುವುದಿಲ್ಲ.

ಗಿರಾಕಿ ಚೌಕಾಸಿ ಮಾಡಿದರೆ ಮುಖ ಗಂಟಿಕ್ಕಬೇಡ. ಅವನಿಗೂ ಒಂದು ಬಜೆಟ್ ಇರುತ್ತದೆ. ನೀನು ಮಾಡಬೇಕಾದದ್ದು ಬೆಲೆ ಇಳಿಸುವುದಲ್ಲ, ಕೆಲಸ ಇಳಿಸುವುದು. ಮೂರರ ಬದಲು ಎರಡು ವ್ಯೂ. ಅವರ ಬಳಿ ಸ್ಕೆಚಪ್ ಮಾಡೆಲ್ ಇದ್ದರೆ ಕಳಿಸಲಿ, ಮಾಡೆಲಿಂಗಿನ ಎರಡು ದಿನ ಕಳೆಯುತ್ತೇನೆ ಎನ್ನು. ಎರಡು ಸುತ್ತಿನ ಬದಲು ಒಂದೇ ಸುತ್ತು ಕರೆಕ್ಷನ್. ಅವಸರ ಇಲ್ಲವೆಂದರೆ ಹತ್ತು ದಿನದ ಬದಲು ಮೂರು ವಾರ. ಏನೂ ಕಡಿಮೆ ಮಾಡದೆ ಬರೀ ದರ ಇಳಿಸಿದರೆ, ಮೊದಲು ಹೇಳಿದ್ದು ಸುಳ್ಳು ದರ ಎಂದು ನೀನೇ ಒಪ್ಪಿಕೊಂಡಂತೆ.

25 ಡಾಲರಿನವನನ್ನು ಬೈಯಲು ನನಗೆ ಮನಸ್ಸಿಲ್ಲ. ಅವನು ವಿಯೆಟ್ನಾಮಿನವನೋ ಈಜಿಪ್ಟಿನವನೋ ನಮ್ಮ ದೇಶದವನೋ ಆಗಿರಬಹುದು. ಅವನ ಮನೆಯಲ್ಲೂ ಒಬ್ಬಳು ತಾಯಿ ಊಟ ಬಡಿಸುತ್ತಿರುತ್ತಾಳೆ. ಕೆಲವರು ಕದ್ದ ಸಾಫ್ಟ್‌ವೇರಿನಲ್ಲಿ ಮಾಡುವುದರಿಂದ ಆ ಖರ್ಚು ಅವರ ಲೆಕ್ಕದಲ್ಲೇ ಇರುವುದಿಲ್ಲ. ನೀನು ಆ ದಾರಿ ಹಿಡಿಯಬೇಡ. ಬ್ಲೆಂಡರ್ ಎಲ್ಲರಿಗೂ ಉಚಿತ. ವರ್ಷಕ್ಕೆ 10 ಲಕ್ಷ ಡಾಲರಿಗಿಂತ ಕಡಿಮೆ ವರಮಾನ ಇರುವವರಿಗೆ ಟ್ವಿನ್‌ಮೋಷನ್ ಕೂಡ ಉಚಿತ. ಆದರೆ ಆ 25 ಡಾಲರಿನವನೂ ಹೆಚ್ಚು ದಿನ ಆ ದರದಲ್ಲಿ ಉಳಿಯಲಾರ. ಸ್ಕೆಚಪ್ಪಿನ ಒಂದು ಸ್ಕ್ರೀನ್‌ಶಾಟ್ ಕೊಟ್ಟರೆ ನಿಮಿಷದೊಳಗೆ ಚಂದದ ಚಿತ್ರ ಮಾಡಿಕೊಡುವ ಎಐ ಬಂದಿದೆ. ‘ಚಂದ ಕಂಡರೆ ಸಾಕು’ ಎನ್ನುವ ಗಿರಾಕಿ ಅತ್ತ ಹೋಗುತ್ತಾನೆ, ಹೋಗಲಿ.

ಹಾಗಾದರೆ ನಿನಗೆ ಉಳಿಯುವುದೇನು? ಡ್ರಾಯಿಂಗಿನಲ್ಲಿ ಇದ್ದದ್ದೇ ಚಿತ್ರದಲ್ಲೂ ಇರಬೇಕು ಎನ್ನುವ ಗಿರಾಕಿ. ಎಐ ಮಾಡಿದ ಚಿತ್ರದಲ್ಲಿ ಮೂರು ಕಂಬ ಇದ್ದಲ್ಲಿ ನಾಲ್ಕಾಗಿರಬಹುದು, ಇಲ್ಲದ ಕಡೆ ಮರ ಬೆಳೆದಿರಬಹುದು. ನಮ್ಮ ದೇಶದ 2016ರ ರೇರಾ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ, ಜಾಹೀರಾತು ಅಥವಾ ಪ್ರಾಸ್ಪೆಕ್ಟಸ್ಸಿನ ಸುಳ್ಳು ಮಾಹಿತಿಯನ್ನು ನಂಬಿ ಮುಂಗಡ ಕೊಟ್ಟು ನಷ್ಟವಾದವರಿಗೆ ಬಿಲ್ಡರ್ ಪರಿಹಾರ ಕೊಡಬೇಕು. ಉಡುಪಿಯಲ್ಲಿ ಫ್ಲ್ಯಾಟ್ ಮಾರುವ ಬ್ರೋಷರಿನ ಮುಖಪುಟದಲ್ಲಿರುವುದು ನೀನು ಮಾಡಿದ ರೆಂಡರ್. ಅದರಲ್ಲಿ ಇಲ್ಲದ ಈಜುಕೊಳ ಇದ್ದರೆ ಹೊಣೆ ಯಾರ ಮೇಲೆ ಬೀಳುತ್ತದೆ ಎಂದು ಬಿಲ್ಡರಿಗೆ ಗೊತ್ತಿರುತ್ತದೆ. ಸರಿಯಾದ ಚಿತ್ರಕ್ಕೆ ಅವನು ದುಡ್ಡು ಕೊಡುತ್ತಾನೆ. ‘ನನ್ನ ಚಿತ್ರದಲ್ಲಿ ನಿಮ್ಮ ಡ್ರಾಯಿಂಗಿನಲ್ಲಿ ಇಲ್ಲದ ಒಂದು ಇಟ್ಟಿಗೆಯೂ ಇರುವುದಿಲ್ಲ’ ಎಂದು ಬಾಯಿಬಿಟ್ಟು ಹೇಳು, ಹೇಳಿದಂತೆ ನಡೆದುಕೋ.

ಇನ್ನೊಂದು ಉಳಿಯುವುದು ನಿನ್ನ ಕಣ್ಣು ಕಂಡು ಬೆಳೆದದ್ದು. ಕಾಪು, ಪಡುಬಿದ್ರಿ, ಮಲ್ಪೆಯ ಕಡಲ ಬದಿಗೆ ರೆಸಾರ್ಟು ಡಿಸೈನ್ ಮಾಡುವ ಮುಂಬೈ, ಬೆಂಗಳೂರಿನ ಆಫೀಸುಗಳಿವೆ. ಮಳೆ ಬಿದ್ದಾಗ ಕೆಂಪು ಕಲ್ಲು ಯಾವ ಬಣ್ಣಕ್ಕೆ ತಿರುಗುತ್ತದೆ, ಮಂಗಳೂರು ಹೆಂಚಿನ ಮೇಲೆ ಮೂರನೇ ಮಳೆಗಾಲಕ್ಕೆ ಪಾಚಿ ಎಲ್ಲಿ ಕೂರುತ್ತದೆ, ಜೂನಿನಲ್ಲಿ ಜಗಲಿಯ ಮೇಲೆ ಬೀಳುವ ಬೆಳಕು ಎಷ್ಟು ಮಂಕು, ಇದನ್ನೆಲ್ಲ ದೂರದ ಕಲಾವಿದನಿಗೆ ಯಾರು ಹೇಳಿಕೊಡಬೇಕು? ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜಿಗೆ ಒಂದು ಬಿಡುವಿನ ದಿನ ಹೋಗು. ಬ್ಯಾಂಕಿನ ಉದ್ಯೋಗಿಯಾಗಿದ್ದ ವಿಜಯನಾಥ ಶೆಣೈಯವರು ನೆಲಸಮವಾಗಲಿದ್ದ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಿದರು. ಕುಂಜೂರಿನ ಚೌಕಿ ಮನೆ ನಿಮ್ಮ ಕಾಪು ಕಡೆಯದು, ಮಿಯಾರು ಮನೆ ಕಾರ್ಕಳದ ಕಡೆಯದು. ಚೌಕಿಯ ಅಂಗಳದಿಂದ ಇಳಿಯುವ ಬೆಳಕು ಒಳಗಿನ ಕಂಬಕ್ಕೆ ಎಷ್ಟು ಹೊತ್ತಿಗೆ ತಾಗುತ್ತದೆ ಎಂದು ನಿಂತು ನೋಡು, ಮರದ ಎಣ್ಣೆಗಪ್ಪನ್ನು ಹತ್ತಿರದಿಂದ ನೋಡು. ಅದು ನಿನ್ನ ರೆಂಡರಿಗೆ ಬಂದ ದಿನ ಪಟ್ಟಿಯ ಕೆಳಗಿನ ಹೆಸರಿನ ಚಿಂತೆ ತಾನಾಗಿ ಕಡಿಮೆಯಾಗುತ್ತದೆ.

ದುಡ್ಡು ಕೈಗೆ ಬರುವ ದಾರಿಯನ್ನೂ ನೋಡಿಕೋ. ಫೈವರ್ ಜಾಲತಾಣದ ಮೂಲಕ ಬಂದ ಕೆಲಸದಲ್ಲಿ ನೂರಕ್ಕೆ 20 ಅವರದು. ಡಾಲರನ್ನು ರೂಪಾಯಿ ಮಾಡುವಾಗ ಇನ್ನೊಂದಿಷ್ಟು ಹೋಗುತ್ತದೆ. ಅದೆಲ್ಲ ಕಳೆದು ಕೈಗೆ ಎಷ್ಟು ಎಂದು ನೋಡಿಯೇ ದರ ಹೇಳು. ಅರ್ಧ ಮುಂಗಡ ಬಂದ ಮೇಲೆ ಫೈಲು ತೆರೆ. ಉಳಿದರ್ಧ ಬರುವ ತನಕ ಹೆಸರಿನ ಮುದ್ರೆ ಹಾಕಿದ ಚಿಕ್ಕ ಚಿತ್ರ ಮಾತ್ರ ಕಳಿಸು. ದುಬೈಯ ಗಿರಾಕಿ ನಮ್ಮೂರಿನವರೇ ಆಗಿ, ‘ಊರಿನಲ್ಲಿ ತಮ್ಮ ಇದ್ದಾನೆ, ಅವನು ನಿನ್ನ ಖಾತೆಗೆ ಹಾಕುತ್ತಾನೆ’ ಎಂದರೆ ವಿನಯದಿಂದಲೇ ಬೇಡ ಎನ್ನು. ಹಣ ವಿದೇಶಿ ವಿನಿಮಯವಾಗಿ ಬ್ಯಾಂಕಿಗೆ ಬಂದರೆ ಮಾತ್ರ ಅದಕ್ಕೆ ರಫ್ತಿನ ದಾಖಲೆ ಸಿಗುತ್ತದೆ. ಸೇವೆ ಕೊಡುವವರಿಗೆ ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿಯ ಗೊಡವೆ ಸಾಮಾನ್ಯವಾಗಿ ಇಲ್ಲ. ದಾಟಿದ ಮೇಲೂ ರಫ್ತಿಗೆ ಶೂನ್ಯ ದರ, ಎಲ್‌ಯುಟಿ ಎಂಬ ಮುಚ್ಚಳಿಕೆ ಸಲ್ಲಿಸಿದರೆ ತೆರಿಗೆ ಕಟ್ಟದೆ ಬಿಲ್ಲು ಮಾಡಬಹುದು. ಉಳಿದದ್ದನ್ನು ಆಡಿಟರ್ ಹತ್ತಿರ ಕೇಳು, ನನ್ನ ಹತ್ತಿರ ಅಲ್ಲ.

ಊರಿನ ಗಿರಾಕಿಯ ವಿಷಯ ಸ್ವಲ್ಪ ಬೇರೆ. ಇಲ್ಲಿ ದರಕ್ಕಿಂತ ಮುಖದಾಕ್ಷಿಣ್ಯ ಕಾಡುತ್ತದೆ. ‘ನಮ್ಮವಳೇ ಅಲ್ಲವಾ, ಒಂದು ಎಲಿವೇಶನ್ ಮಾಡಿಕೊಡು’ ಎಂದು ಪುಗಸಟ್ಟೆ ಕೇಳುವ ನೆಂಟರು ಇರುತ್ತಾರೆ. ಹತ್ತಿರದವರ ಮನೆ ಒಕ್ಕಲಿಗೆ ಉಡುಗೊರೆ ಎಂದು ಒಂದು ಮಾಡಿಕೊಡು, ಬಿಲ್ಲಿನಲ್ಲಿ ಪೂರ್ತಿ ದರ ಬರೆದು ಕೆಳಗೆ ‘ಉಡುಗೊರೆ’ ಎಂದು ಕಳೆ. ಬೆಲೆ ಏನೆಂದು ಅವರಿಗೂ ತಿಳಿದಿರಲಿ. ಆರ್ಕಿಟೆಕ್ಟ್‌ಗಳು ‘ನನ್ನ ಫೀಸಿನಲ್ಲಿ ಇದಕ್ಕೆ ಜಾಗ ಇಲ್ಲ’ ಎಂದರೆ, ಕೌನ್ಸಿಲ್ ಆಫ್ ಆರ್ಕಿಟೆಕ್ಚರಿನ ಷರತ್ತುಗಳಲ್ಲೇ ಗಿರಾಕಿ ಕೇಳಿ ಮಾಡಿಸಿದ ಮಾಡೆಲ್, ಕಂಪ್ಯೂಟರ್ ಸಿಮ್ಯುಲೇಶನ್ನಿನ ಖರ್ಚು ಫೀಸಿನ ಹೊರಗೆ ಬರಬೇಕಾದದ್ದು ಎಂದಿದೆಯಲ್ಲ ಎಂದು ನೆನಪಿಸು. ಬಾಕಿ ವಸೂಲಿಗೆ ಆಧಾರವಾಗಿ ಉದ್ಯಮ್ ನೋಂದಣಿ ಮಾಡಿಸಿಕೋ, ಅದಕ್ಕೆ ಶುಲ್ಕವಿಲ್ಲ. 2006ರ ಎಂಎಸ್‌ಎಂಇಡಿ ಕಾಯ್ದೆಯಂತೆ ಸಣ್ಣ ಉದ್ಯಮಕ್ಕೆ ಕೊಡಬೇಕಾದ ಹಣವನ್ನು 45 ದಿನದೊಳಗೆ ಕೊಡಬೇಕು, ತಡವಾದರೆ ಬಡ್ಡಿ. ನನಗೆ ಹಿಂದೆ ಒಬ್ಬ ಬಿಲ್ಡರಿಂದ ಬರಬೇಕಾದ ಹಣ ಪ್ರಾಜೆಕ್ಟ್ ನಿಂತುಹೋಯಿತೆಂಬ ಕಾರಣಕ್ಕೆ ಬರಲೇ ಇಲ್ಲ. ಚಿತ್ರ ಮಾತ್ರ ಬಹಳ ಕಾಲ ಅವರ ಆಫೀಸಿನ ಗೋಡೆಯಲ್ಲಿತ್ತು. ಆಗ ಈ ಕಾಯ್ದೆ ಇರಲಿಲ್ಲ, ನಿನಗೆ ಇದೆ.

‘ಬೇಡ’ ಎನ್ನಲು ಧೈರ್ಯ ಬೇಕು, ಆ ಧೈರ್ಯ ಬರುವುದು ಬ್ಯಾಂಕಿನಲ್ಲಿರುವ ದುಡ್ಡಿನಿಂದ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿದಾಗ ದಿನಕ್ಕೆ ಎರಡಾಣೆ ಕಟ್ಟಿದರೂ ಸಾಕಿತ್ತು. ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ದಿನ ದಿನ ಕಟ್ಟುವ ಅಭ್ಯಾಸ ಮಾತ್ರ ನಮ್ಮ ಊರಿನವರಲ್ಲಿ ಉಳಿದಿದೆ. ಬಂದ ಪ್ರತಿ ಬಿಲ್ಲಿನಿಂದ ಐದನೇ ಒಂದು ಪಾಲು ಅತ್ತ ತೆಗೆದಿಡು. ಆರು ತಿಂಗಳ ಖರ್ಚು ಕೂಡಿದ ಮೇಲೆ 20 ಡಾಲರಿನ ಮೇಲ್ ಬಂದರೆ ಓದಿ ಮುಚ್ಚಿಡುವುದು ಕಷ್ಟವಾಗುವುದಿಲ್ಲ.

ಈಗ ಮೆಲ್ಬರ್ನಿಗೆ ಬಾ. ಮಾಡೆಲಿಂಗಿಗೆ ಮೂರು ದಿನ, ಮೊದಲ ವ್ಯೂಗೆ ಎರಡು, ಉಳಿದೆರಡಕ್ಕೆ ಒಂದೊಂದು, ಎರಡು ಸುತ್ತು ಕರೆಕ್ಷನ್ನಿಗೆ ಒಂದೂವರೆ, ಡ್ರಾಯಿಂಗಿನ ಗೊಂದಲ ಕೇಳಿ ಬಗೆಹರಿಸುವುದಕ್ಕೆ ಅರ್ಧ. ಒಟ್ಟು ಒಂಬತ್ತು ದಿನ, 45,000 ರೂಪಾಯಿ. ನೂರಕ್ಕೆ 20 ಸೇರಿಸಿದರೆ 54,000. ಡಾಲರಿಗೆ 88 ರೂಪಾಯಿ ಹಿಡಿದರೆ ಸುಮಾರು 615 ಅಮೆರಿಕನ್ ಡಾಲರ್. ನೀನು ಹೇಳಲಿದ್ದ 20ರ ದರದಲ್ಲಿ ಮೂರಕ್ಕೆ 60 ಡಾಲರ್, ಅಂದರೆ ಒಂಬತ್ತು ದಿನಕ್ಕೆ 5,280 ರೂಪಾಯಿ. ದಿನಕ್ಕೆ 600 ಕೂಡ ಆಗಲಿಲ್ಲ. ನಿಮ್ಮ ಕಂಪೌಂಡು ಗೋಡೆಗೆ ಗಾರೆ ಹಾಕಲು ಬಂದ ಮೇಸ್ತ್ರಿ ಆ ಕೂಲಿಗೆ ಕೆಲಸ ಮಾಡುತ್ತಾನಾ, ಹೋಗಿ ಕೇಳು.

615 ಹೆಚ್ಚಾಯಿತು ಎಂದು ಅವರು ಬರೆದರೆ ಎರಡೇ ವ್ಯೂಗೆ 545, ಅಥವಾ ಅವರದೇ ಮಾಡೆಲ್ ಕಳಿಸಿದರೆ ಮೂರಕ್ಕೂ 480 ಎಂದು ಉತ್ತರಿಸು. ಅದೂ ಆಗದು ಎಂದರೆ ಒಳ್ಳೆಯ ಮಾತಿನಲ್ಲಿ ಬಿಟ್ಟುಬಿಡು. ಒಪ್ಪಿದರೆ ಕೆಲಸ ಹೇಳಿದ ದಿನಕ್ಕೆ ಒಂದು ದಿನ ಮೊದಲೇ ತಲುಪಲಿ. ಹಳೆಯ ಗಿರಾಕಿಗಳಿಗೆ ಪ್ರತಿ ವರ್ಷ ಫೆಬ್ರವರಿಯಲ್ಲೇ ಒಂದು ಮೇಲ್ ಹಾಕು, ಏಪ್ರಿಲ್ 1ರಿಂದ ಹೊಸ ದರ, ಅದಕ್ಕೆ ಮೊದಲು ಒಪ್ಪಿದ ಕೆಲಸಕ್ಕೆ ಹಳೆಯ ದರ ಎಂದು. ಕೊಟೇಶನ್ ಬರೆದ ಮೇಲೆ ಕಳಿಸುವ ಮೊದಲು ಒಮ್ಮೆ ನನಗೆ ಓದಿ ಹೇಳು. ಡ್ರಾಯಿಂಗಿನ ಶೀಟ್ ನಂಬರು ಮತ್ತು ಕರೆಕ್ಷನ್ನಿನ ಸಾಲು ಎರಡೂ ಇರಲಿ.